ಮೊದಲು ಮನೆಮಾತು, ಆಮೇಲೆ ಪಾಠ

ಶಾಲೆಗಳು ಬಾಗಿಲು ಹಾಕಿ ವರ್ಷ ದಾಟಿತು. 2021ರ ಜುಲೈ ಬಂದಿದೆ, ಕೊರೊನಾದ ಎರಡನೆಯ ಅಲೆ ಈಗಷ್ಟೇ ಇಳಿಯುತ್ತಿದೆ, ಹೊಸ ಶೈಕ್ಷಣಿಕ ವರ್ಷ ಮತ್ತೆ ಫೋನಿನಲ್ಲೇ ಶುರುವಾಗಿದೆ. ಇಷ್ಟು ಕಾಲದಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ನಿಂತೇ ಇಲ್ಲ. ಊರು ಬೇರೆ, ಮಗುವಿನ ವಯಸ್ಸು ಬೇರೆ, ಕೇಳುವುದು ಮಾತ್ರ ಅದನ್ನೇ: ‘ಟೀಚರ್, ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ. ಶಾಲೆಯವರು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸುತ್ತಾರೆ. ಅವನು ಎರಡು ನಿಮಿಷ ನೋಡಿ ಎದ್ದು ಹೋಗುತ್ತಾನೆ. ನಾನು ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ಪಾಠ ಹೇಗೆ ಮಾಡಿಸಲಿ?’ ಕಿವುಡ ಮಕ್ಕಳ ಶಾಲೆಯಲ್ಲಿ ಬಹಳ ಕಾಲ ಪಾಠ ಮಾಡಿದವಳೆಂದು ನನ್ನನ್ನು ಕೇಳುತ್ತಾರೆ. ನಾನು ಅವರನ್ನು ತಿರುಗಿ ಕೇಳುವುದು ಇಷ್ಟು: ಶಾಲೆ ಯಾಕೆ ಮುಚ್ಚಿದೆ ಅಂತ ಅವನಿಗೆ ಗೊತ್ತಿದೆಯೇ?

‘ಮಾಸ್ಕ್ ತೋರಿಸಿ, ಕೆಮ್ಮಿ ತೋರಿಸಿ ಹೇಳಿದ್ದೇವೆ’ ಎನ್ನುತ್ತಾರೆ. ಕೆಮ್ಮಿ ತೋರಿಸಿದರೆ ಕೆಮ್ಮು ಗೊತ್ತಾಗುತ್ತದೆ. ಎಲ್ಲ ಊರಿನ ಶಾಲೆಗಳೂ ಮುಚ್ಚಿವೆ, ಮನೆಯಲ್ಲಿ ಉಳಿದವನು ತಾನೊಬ್ಬನೇ ಅಲ್ಲ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹಾಸ್ಟೆಲಿನಿಂದ ಮನೆಗೆ ಬಂದ ಹತ್ತು ವರ್ಷದ ಹುಡುಗನೊಬ್ಬ ತಿಂಗಳುಗಟ್ಟಲೆ ಮಂಕಾಗಿ ಕೂತಿದ್ದ. ಅವನ ಟೀಚರ್ ವಿಡಿಯೊ ಕಾಲ್ ಮಾಡಿ ಸನ್ನೆಯಲ್ಲಿ ವಿಚಾರಿಸಿದಾಗ ಕಾರಣ ಹೊರಬಂತು. ಊರಿಗೆ ಹೊರಡುವ ಹಿಂದಿನ ದಿನ ಗೆಳೆಯನಿಗೆ ಹೊಡೆದಿದ್ದನಂತೆ. ಅದಕ್ಕೇ ತನ್ನನ್ನು ಶಾಲೆಯಿಂದ ತೆಗೆದುಹಾಕಿದ್ದಾರೆ ಎಂದು ನಂಬಿಕೊಂಡಿದ್ದ. ಆ ಮನೆಯಲ್ಲಿ ಪ್ರೀತಿಗೇನೂ ಬರವಿರಲಿಲ್ಲ. ಆದರೆ ‘ನಿನ್ನ ತಪ್ಪಲ್ಲ, ಇದೊಂದು ಕಾಯಿಲೆ, ಎಲ್ಲರಿಗೂ ರಜೆ’ ಎಂದು ಅವನಿಗೆ ಮುಟ್ಟುವಂತೆ ಹೇಳಲು ಬೇಕಾದ ಭಾಷೆ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕಿವಿ ಕೇಳಿಸುವ ತಂದೆತಾಯಿಗೆ ಹುಟ್ಟಿದವರು. ಮನೆಯವರು ಸನ್ನೆ ಭಾಷೆಯನ್ನು ಕಂಡಿರುವುದಿಲ್ಲ. ಊಟ, ನಿದ್ದೆ, ಬಾ, ಬೇಡ ಎನ್ನಲು ತಾವೇ ಮಾಡಿಕೊಂಡ ಒಂದಷ್ಟು ಕೈಸನ್ನೆಗಳಲ್ಲಿ ಸಂಸಾರ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿ ಕಿವುಡ ಮಕ್ಕಳಿಗಾಗಿ ಸರ್ಕಾರಿ ಶಾಲೆಗಳಿವೆ, ಅನುದಾನಿತ ಶಾಲೆಗಳು ಬೇರೆ ಇವೆ. ದೂರದೂರದ ಹಳ್ಳಿಗಳಿಂದ ಬರುವ ಮಕ್ಕಳು ಹಾಸ್ಟೆಲಿನಲ್ಲೇ ಇದ್ದು ಓದುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಥೆ ಹೇಳುವುದು, ಜಗಳ ಬಿಡಿಸುವುದು, ಸಿನಿಮಾ ವರ್ಣಿಸುವುದು ಎಲ್ಲ ಅಲ್ಲಿ ಕೈಯಲ್ಲೇ. ಭಾಷೆ ಬೆಳೆಯುವುದು ತರಗತಿಗಿಂತ ಹೆಚ್ಚಾಗಿ ಆ ಹಾಸ್ಟೆಲಿನ ಮಂಚಗಳ ನಡುವೆ. 2020ರ ಮಾರ್ಚ್‌ನಲ್ಲಿ ಈ ಮಕ್ಕಳೆಲ್ಲ ಬಸ್ಸು ಹತ್ತಿ ಊರಿಗೆ ಹೋದರು. ಕಿವಿ ಕೇಳಿಸುವ ಮಕ್ಕಳು ಶಾಲೆಯೊಂದನ್ನೇ ಕಳೆದುಕೊಂಡರು. ಇವರಿಗೆ ಶಾಲೆಯ ಜೊತೆಗೆ ಮಾತಾಡುವ ಜನವೂ ಇಲ್ಲವಾದರು.

ಹಾಗಾಗಿ ನನ್ನ ಉತ್ತರ ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ. ಪಾಠವನ್ನು ಸ್ವಲ್ಪ ಪಕ್ಕಕ್ಕಿಡಿ. ಮನೆಯಲ್ಲಿ ದಿನವಿಡೀ ಆಡುವ ಮಾತಿನಲ್ಲಿ ಅವನಿಗೆ ಪಾಲು ಕೊಡಿ. ಕಿವಿ ಕೇಳಿಸುವ ಮಗುವಿಗೆ ‘ಸಾಲ’ ಎಂಬುದನ್ನು ಯಾರೂ ಪಾಠ ಮಾಡಿರುವುದಿಲ್ಲ. ಅಪ್ಪ ಫೋನಿನಲ್ಲಿ ಯಾರನ್ನೋ ಬೇಡಿಕೊಳ್ಳುವಾಗ, ಅಮ್ಮ ಸಂಘದ ಕಂತಿಗಾಗಿ ದುಡ್ಡು ಎಣಿಸುವಾಗ, ಅಜ್ಜಿ ಪಕ್ಕದ ಮನೆಯವರ ಸುದ್ದಿ ತೆಗೆದಾಗ ಆ ಮಾತು ಅದರ ಕಿವಿಗೆ ಬಿದ್ದಿರುತ್ತದೆ. ಹೀಗೆ ಆಡುತ್ತಾ ಕೂತಲ್ಲಿ ಕಿವಿಗೆ ಬಿದ್ದು ಬಂದ ಸಾವಿರಾರು ಸಂಗತಿಗಳ ಮೇಲೆಯೇ ಶಾಲೆಯ ಪಾಠ ನಿಲ್ಲುವುದು. ಕಿವುಡ ಮಗುವಿಗೆ ಕಿವಿಗೆ ಬೀಳುವುದೆಂಬುದೇ ಇಲ್ಲ. ಯಾರಾದರೂ ಅದರ ಕಡೆ ತಿರುಗಿ ಹೇಳಿದ್ದಷ್ಟೇ ಅದಕ್ಕೆ ಸಿಕ್ಕಿದ್ದು. ನಾವು ಹೇಳುವುದಾದರೂ ಏನು? ‘ಬಾ’, ‘ತಿನ್ನು’, ‘ಸುಮ್ಮನಿರು’. ಮನೆಮಂದಿಯೆಲ್ಲ ನಕ್ಕಾಗ ಅದು ತೋಳು ಹಿಡಿದು ಏನಾಯಿತು ಎಂದು ಕೇಳಿದರೆ, ‘ಏನಿಲ್ಲ ಬಿಡು’, ‘ಆಮೇಲೆ ಹೇಳ್ತೀನಿ’. ಆ ಆಮೇಲೆ ಬರುವುದೇ ಇಲ್ಲ. ದೊಡ್ಡವರಾದ ಕಿವುಡರ ಹತ್ತಿರ ಬಾಲ್ಯದ ಬಗ್ಗೆ ಮಾತಾಡಿ ನೋಡಿ, ಏಟಿಗಿಂತ ಬೈಗುಳಕ್ಕಿಂತ ಹೆಚ್ಚು ನೋಯಿಸಿದ್ದು ಈ ‘ಏನಿಲ್ಲ ಬಿಡು’ ಎನ್ನುತ್ತಾರೆ.

ಊಟದ ಹೊತ್ತಿನಿಂದ ಶುರು ಮಾಡಿ. ಸಾಲಾಗಿ ಗೋಡೆಗೆ ಒರಗಿ ಕೂರುವ ಬದಲು ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ ದುಂಡಗೆ ಕೂತುಕೊಳ್ಳಿ. ಟಿ.ವಿ. ಆರಿಸಿ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತಾಡಲಿ, ಮಾತು ಶುರು ಮಾಡುವವರು ಕೈ ಎತ್ತಿ ತಾವೆಂದು ತೋರಿಸಲಿ. ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು, ತಿಳಿದ ಸನ್ನೆಯಲ್ಲಿ, ಎರಡು ಮಾತು ಬರೆದು, ಚಿತ್ರ ಗೀಚಿ, ನಡೆಯುತ್ತಿರುವ ಮಾತನ್ನು ಮಗುವಿಗೆ ಮುಟ್ಟಿಸಲಿ. ಒಳ್ಳೆಯ ಸುದ್ದಿಯಷ್ಟೇ ಅಲ್ಲ, ಎಲ್ಲವನ್ನೂ. ಅಂಗಡಿ ಬಾಡಿಗೆ ಕಟ್ಟಿಲ್ಲ ಎಂಬುದನ್ನೂ, ಅತ್ತೆ ಸೊಸೆಗೆ ಮನಸ್ತಾಪವಾಗಿದೆ ಎಂಬುದನ್ನೂ. ಈ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಮನೆಗಳಿಂದ ಹಿರಿಯರು ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಮುಖ ನೋಡುವುದಕ್ಕೂ ಸಿಗಲಿಲ್ಲ. ದಿನಾ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ ತಾತ ಎಲ್ಲಿ ಹೋದರೆಂದು ತಿಳಿಯದೆ ಬಾಗಿಲ ಕಡೆ ನೋಡುತ್ತಿರುವ ಮಕ್ಕಳಿದ್ದಾರೆ. ‘ಪಾಪ, ಅದಕ್ಕೇನು ತಿಳಿಯುತ್ತೆ’ ಎಂದು ಬಿಟ್ಟುಬಿಡಬೇಡಿ. ಫೋಟೊ ಇಟ್ಟುಕೊಂಡು, ಆಸ್ಪತ್ರೆಯ ಚಿತ್ರ ತೋರಿಸಿ, ಸಾವನ್ನು ಸಾವೆಂದೇ ಹೇಳಿ. ‘ಊರಿಗೆ ಹೋಗಿದ್ದಾರೆ’ ಎಂದರೆ ಅದು ಬರುವ ದಿನಕ್ಕಾಗಿ ಕಾಯುತ್ತದೆ.

ಇದರಲ್ಲಿ ಓದು ಎಲ್ಲಿ ಬಂತು ಎನ್ನುವವರಿಗೆ ನನ್ನ ಶಾಲೆಯ ಪದ್ಧತಿಯೊಂದನ್ನು ಹೇಳುತ್ತೇನೆ. ಪ್ರತಿ ಮಗುವಿಗೂ ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ಆ ದಿನ ಮಗುವಿನೆದುರು ನಿಜವಾಗಿ ನಡೆದದ್ದೊಂದರ ಚಿತ್ರ, ಕೆಳಗೆ ಎರಡು ಮೂರು ವಾಕ್ಯ. ಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುವಾಗ ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ. ಹಿಟ್ಟು ಕಲಸಿದ್ದು, ಈರುಳ್ಳಿ ಹೆಚ್ಚಿದ್ದು, ಮೊದಲನೆಯ ರೊಟ್ಟಿ ಹರಿದದ್ದು, ಅದನ್ನು ತಮ್ಮ ತಿಂದದ್ದು. ಯಾವುದು ಮೊದಲು, ಯಾವುದು ಆಮೇಲೆ, ರೊಟ್ಟಿ ಹರಿದದ್ದು ಯಾಕೆ ಎಂದು ಮಾತಾಡಿ. ಆಮೇಲೆ ಬರೆಯಿರಿ. ಮಾರನೇ ದಿನ ಆ ಪುಟ ತೆಗೆದು ಅಪ್ಪನಿಗೆ ಮಗುವೇ ಹೇಳಲಿ. ಏಳನೇ ಕ್ಲಾಸು ಓದಿದ ತಾಯಿಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿಲ್ಲ.

ಆ ಪುಟದಲ್ಲಿ ಒಂದು ಕಡೆ ಮಾತ್ರ ವಿಶೇಷವಾಗಿ ಗಮನ ಕೊಡಬೇಕು. ಕನ್ನಡದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದು ಪದದ ಕೊನೆಯಲ್ಲಿ ಅಂಟಿದ ಪ್ರತ್ಯಯದಲ್ಲಿರುತ್ತದೆ: ಅಜ್ಜಿಗೆ, ಅಜ್ಜಿಯಿಂದ, ಅಜ್ಜಿಯನ್ನು. ಮಾತಾಡುವಾಗ ಆ ಕೊನೆಯನ್ನು ನಾವು ತೇಲಿಸಿ ಬಿಡುತ್ತೇವೆ. ಮೆಷಿನ್ ಹಾಕಿದ ಕಿವಿಗೂ ಅದು ಸರಿಯಾಗಿ ಬೀಳುವುದಿಲ್ಲ, ತುಟಿ ನೋಡುವ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಮಕ್ಕಳು ‘ಅಜ್ಜಿ ನಾನು ಹಾಲು ಕೊಟ್ಟೆ’ ಎಂದು ಬರೆಯುತ್ತಾರೆ. ಇದಕ್ಕೆ ಬುದ್ಧಿ ಕಡಿಮೆ ಎಂದು ತಿಳಿಯುವ ಮೇಷ್ಟರುಗಳಿದ್ದಾರೆ, ಅದು ದೊಡ್ಡ ಅನ್ಯಾಯ. ಕೆಂಪು ಪೆನ್ನಿನಿಂದ ತಿದ್ದಿದರೆ ಪ್ರಯೋಜನವಿಲ್ಲ, ಆಡಿ ತೋರಿಸಬೇಕು. ಒಂದು ಲೋಟ ಹಾಲು ತನ್ನಿ. ತಮ್ಮ ಅಜ್ಜಿಗೆ ಕೊಡಲಿ; ‘ತಮ್ಮ ಅಜ್ಜಿಗೆ ಹಾಲು ಕೊಟ್ಟ’ ಎಂದು ಬರೆಯಿರಿ. ಈಗ ಅಜ್ಜಿ ತಮ್ಮನಿಗೆ ಕೊಡಲಿ. ‘ಅಜ್ಜಿ ತಮ್ಮನಿಗೆ ಹಾಲು ಕೊಟ್ಟಳು’. ‘ಗೆ’ ಎಂಬ ಅಕ್ಷರಕ್ಕೆ ಬಣ್ಣ ಹಚ್ಚಿ. ಲೋಟ ಯಾರ ಕೈ ಸೇರಿತೋ ಅವರ ಹೆಸರಿಗೆ ಆ ಬಣ್ಣ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ವಾರಗಟ್ಟಲೆ ಮಾಡಬೇಕಾದ ಆಟ ಇದು, ಬೇಸರ ಬೇಡ.

ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾನೆ ಎಂಬ ನಂಬಿಕೆಯೂ ಬಹಳ ಮನೆಗಳಲ್ಲಿದೆ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಪಾವು, ಬಾವು, ಮಾವು’ ಎಂದು ಹೇಳಿಕೊಳ್ಳಿ. ಮೂರಕ್ಕೂ ತುಟಿಯ ಆಟ ಒಂದೇ. ಕ, ಗ ಹುಟ್ಟುವುದು ಗಂಟಲ ಕಡೆ, ಹೊರಗೆ ಏನೂ ಕಾಣುವುದಿಲ್ಲ. ತುಟಿ ಓದುವ ಮಗು ಕಂಡಷ್ಟಕ್ಕೆ ಊಹೆ ಸೇರಿಸುತ್ತಿರುತ್ತದೆ, ಅದಕ್ಕೇ ಬೇಗ ದಣಿಯುತ್ತದೆ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಕೂತುಕೊಳ್ಳಿ, ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು. ಕೂಗಬೇಡಿ, ಕೂಗಿದರೆ ತುಟಿ ಸೊಟ್ಟಗಾಗುತ್ತದೆ. ಯಾವ ವಿಷಯ ಎಂದು ಮೊದಲೇ ತಿಳಿಸಿದರೆ ಊಹೆ ಸುಲಭ. ಹಣ್ಣಿನ ಬುಟ್ಟಿ ತೋರಿಸಿ ‘ಮಾವು’ ಎಂದರೆ ಅದು ಬಾವು ಆಗುವುದಿಲ್ಲ.

ಪೂರ್ತಿ ಕಿವುಡಲ್ಲದ, ಕಿವಿ ಮಂದವಾಗಿರುವ ಮಕ್ಕಳ ಕಷ್ಟ ಇನ್ನೂ ಕಡಿಮೆ ಜನರ ಕಣ್ಣಿಗೆ ಬೀಳುತ್ತದೆ. ಇವರು ಸಾಮಾನ್ಯ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಹೇಗೋ ನಿಭಾಯಿಸುತ್ತಿದ್ದರು. ಫೋನಿನ ಸಣ್ಣ ಸ್ಪೀಕರು, ಕಡಿದು ಕಡಿದು ಬರುವ ನೆಟ್‌ವರ್ಕು ಇವರಿಂದ ಆ ಅಷ್ಟನ್ನೂ ಕಿತ್ತುಕೊಂಡಿದೆ. ‘ಅರ್ಥ ಆಯ್ತಾ?’ ಎಂದರೆ ‘ಹೂಂ’ ಎನ್ನುತ್ತಾರೆ, ಬೈಸಿಕೊಳ್ಳುವ ಭಯಕ್ಕೆ. ಆ ಪ್ರಶ್ನೆಯನ್ನು ಮನೆಯಿಂದಲೇ ತೆಗೆದುಹಾಕಿ. ‘ನಾನೇನು ಹೇಳಿದೆ, ನೀನು ಹೇಳು ನೋಡೋಣ’ ಎನ್ನಿ, ಎಷ್ಟು ಮುಟ್ಟಿದೆ ಎಂಬುದು ತಕ್ಷಣ ತಿಳಿಯುತ್ತದೆ.

ಕಿವಿ ಮೆಷಿನ್ ವಿಷಯಕ್ಕೆ ಬರುತ್ತೇನೆ. ಮನೆಯಲ್ಲೇ ಇದ್ದಾನಲ್ಲ ಎಂದು ಅನೇಕ ಮಕ್ಕಳ ಮೆಷಿನ್ ಪೆಟ್ಟಿಗೆ ಸೇರಿದೆ. ದಯವಿಟ್ಟು ಹೊರಗೆ ತೆಗೆಯಿರಿ, ಎದ್ದಾಗಿನಿಂದ ಮಲಗುವ ತನಕ ಅದು ಕಿವಿಯಲ್ಲಿರಲಿ. ದಿನಾ ಬೆಳಿಗ್ಗೆ ಡೇನಿಯಲ್ ಲಿಂಗ್ ಎಂಬ ಶಿಕ್ಷಣತಜ್ಞ ರೂಪಿಸಿಕೊಟ್ಟ ಆರು ಸದ್ದಿನ ಪರೀಕ್ಷೆ ಮಾಡಿ, ಎರಡು ನಿಮಿಷದ ಕೆಲಸ: ಮ್, ಊ, ಆ, ಈ, ಶ್, ಸ್. ಮಗುವಿನ ಹಿಂದೆ ನಿಂತು ಒಂದೊಂದೇ ಹೇಳಿ. ಕೇಳಿಸಿದಾಗ ಅದು ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕಲಿ. ತಗ್ಗಿದ ಸ್ವರದಿಂದ ಏರಿದ ಸ್ವರದವರೆಗೆ ಮಾತಿನ ಹರವು ಈ ಆರರೊಳಗೆ ಬರುತ್ತದೆ. ನಿನ್ನೆ ಕೇಳಿಸಿದ ಸದ್ದು ಇವತ್ತು ಕೇಳಿಸದಿದ್ದರೆ ಮೊದಲು ಸೆಲ್ ನೋಡಿ. ಹೊಸ ಸೆಲ್ಲಿನ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಅದು ಗಾಳಿಯಿಂದಲೇ ಕೆಲಸ ಮಾಡುವ ಸೆಲ್. ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಮೆಷಿನ್ ಕುಂಯ್ ಎನ್ನುತ್ತಿದ್ದರೆ ಮಗು ಬೆಳೆದು, ಕಿವಿಯೊಳಗೆ ಕೂರುವ ಮೋಲ್ಡ್ ಸಡಿಲವಾಗಿರಬಹುದು. ಆಗ ವಾಲ್ಯೂಮ್ ತಗ್ಗಿಸಿ ಸದ್ದು ನಿಲ್ಲಿಸಿದರೆ ಕೇಳಿಸುವುದನ್ನೂ ನಿಲ್ಲಿಸಿದಂತೆ, ಹೊಸ ಮೋಲ್ಡ್ ಮಾಡಿಸಬೇಕು. ಕಾಕ್ಲಿಯರ್ ಇಂಪ್ಲಾಂಟ್ ಆದ ಮಕ್ಕಳಿಗೆ ಮ್ಯಾಪಿಂಗ್, ಅಂದರೆ ಯಂತ್ರವನ್ನು ಮಗುವಿಗೆ ತಕ್ಕಂತೆ ಹೊಂದಿಸುವ ಕೆಲಸ, ತಪ್ಪಿಹೋಗಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಸನ್ನೆ ಕಲಿಸಿದರೆ ಮಾತು ಬರುವುದಿಲ್ಲವೇ ಎಂಬ ಭಯದ ಪತ್ರಗಳು ಬಹಳ. ಈ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಕಿವುಡರ ಶಾಲೆಗಳಿಂದ ಸನ್ನೆಯನ್ನು ಹೊರಗಿಡಬೇಕೆಂದು ನಿರ್ಣಯಿಸಿತು. ಮುಂದಿನ ನೂರು ವರ್ಷ ಎಷ್ಟೋ ದೇಶಗಳಲ್ಲಿ ಮಕ್ಕಳ ಕೈ ಕಟ್ಟಿ ಕೂರಿಸಿದರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅದೇ ಸಮ್ಮೇಳನದ ಅಧಿವೇಶನದಲ್ಲಿ ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಸೂಚಿಸಲಾಯಿತು. ನಾನು ಕಂಡ ಮಕ್ಕಳಲ್ಲಿ ಸನ್ನೆಯಿಂದ ಮಾತು ಕೆಟ್ಟವರಿಲ್ಲ. ಯಾವ ಭಾಷೆಯೂ ಪೂರ್ತಿ ಸಿಗದೆ ಏಳೆಂಟು ವರ್ಷ ಕಳೆದವರು ಮಾತ್ರ ಮುಂದೆ ಬಹಳ ಕಷ್ಟಪಟ್ಟರು. ಮೆಷಿನ್ನಿನಿಂದ ಚೆನ್ನಾಗಿ ಕೇಳಿಸಿ ಮಾತು ಬರುತ್ತಿದ್ದರೆ ಸಂತೋಷ, ಅದನ್ನು ಬಿಡಬೇಡಿ. ಅದರ ಜೊತೆಗೆ ಸನ್ನೆಯೂ ಇರಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ತಜ್ಞರೂ ಇದ್ದಾರೆ.

ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯ ಪದ ಅದರಲ್ಲಿ ಕೊನೆಗೆ ಬರುತ್ತದೆ: ನಿನ್ನ, ಹೆಸರು, ಏನು. ಕನ್ನಡದವರಿಗೆ ಈ ಕ್ರಮ ಹೊಸದಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಈ ವರ್ಷ ಫೆಬ್ರುವರಿಯಲ್ಲಿ ಹತ್ತು ಸಾವಿರ ಪದಗಳ ನಿಘಂಟು ತಂದಿದೆ, ಯೂಟ್ಯೂಬ್‌ನಲ್ಲಿ ವಿಡಿಯೊ ನೋಡಬಹುದು. ಅದೇ ಕೇಂದ್ರ 2020ರ ಅಕ್ಟೋಬರ್‌ನಲ್ಲಿ ಎನ್‌ಸಿಇಆರ್‌ಟಿ ಜೊತೆ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರುವ ಒಪ್ಪಂದ ಮಾಡಿಕೊಂಡಿದೆ. ನಮ್ಮ ರಾಜ್ಯದ ಕನ್ನಡ ಪಠ್ಯಗಳಿಗೂ ಇಂಥ ಕೆಲಸ ಆಗಬೇಕು. ಆದರೆ ಹಾಸ್ಟೆಲಿನಿಂದ ಬಂದ ಮಗು ಮನೆಯಲ್ಲಿರುವಾಗ ನಿಘಂಟಿಗಾಗಿ ಕಾಯಬೇಕಾಗಿಲ್ಲ. ಅದಕ್ಕೆ ಸನ್ನೆ ಗೊತ್ತಿದೆ, ಕಲಿಯಬೇಕಾದವರು ನೀವು. ದಿನಾ ಸಂಜೆ ಅದೇ ಮೇಷ್ಟರಾಗಿ ನಾಲ್ಕೈದು ಸನ್ನೆ ಕಲಿಸಲಿ, ನೀವು ತಪ್ಪಿದರೆ ತಿದ್ದಲಿ. ಹಾಗೆ ಕಲಿತ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಮೊಮ್ಮಗಳನ್ನು ಕೈಯಲ್ಲೇ ಗದರಿಸುವುದನ್ನೂ, ಮೊಮ್ಮಗಳು ಎದುರುತ್ತರ ಕೊಡುವುದನ್ನೂ ನೋಡಿ ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಪತ್ರ ಬರೆಯುವವರು ಹೆಚ್ಚುಕಡಿಮೆ ಎಲ್ಲರೂ ತಾಯಂದಿರೇ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲೂ ಮಗುವಿನ ಪಕ್ಕ ಕೂತು ತಾವೂ ಕಲಿಯುವವರು ತಾಯಂದಿರೇ. ಊರು ಬಿಟ್ಟು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ವರ್ಷಗಟ್ಟಲೆ ನಿಂತವರಿದ್ದಾರೆ. ಇಂಥ ತಾಯಿ ಒಬ್ಬಳೇ ಮನೆಗೂ ಮಗುವಿಗೂ ನಡುವಿನ ದುಭಾಷಿಯಾಗಿ ದಣಿದಿದ್ದಾಳೆ. ಲಾಕ್‌ಡೌನಿನಲ್ಲಿ ಅಪ್ಪಂದಿರೂ ಮನೆಯಲ್ಲಿದ್ದರು. ನಾನು ಸ್ಪಷ್ಟವಾಗಿ ಹೇಳುತ್ತೇನೆ: ಮಗನ ಹತ್ತಿರ ನೇರವಾಗಿ ಮಾತಾಡಲು ಬಾರದೆ ‘ಅವನಿಗೆ ಹೇಳೇ’ ಎಂದು ಹೆಂಡತಿಗೆ ಹೇಳುವ ಅಪ್ಪ ಇವತ್ತೇ ಕಲಿಯಲು ಕೂರಬೇಕು.

ಇನ್ನು ಫೋನಿನ ಪಾಠ. ಇಲ್ಲಿ ನಾನು ಶಿಕ್ಷಕರನ್ನು ಕೇಳಿಕೊಳ್ಳುವುದು ಒಂದೇ: ವಿಡಿಯೊ ಕಳಿಸುವ ಮೊದಲು ಸದ್ದು ಪೂರ್ತಿ ಆರಿಸಿ ನೀವೇ ನೋಡಿ. ನಿಮಗೆ ತಿಳಿದರೆ ಮಗುವಿಗೂ ತಿಳಿದೀತು. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ, ಮುಖ್ಯವಾದ ಮಾತನ್ನು ಕನ್ನಡದಲ್ಲಿ ಬರೆದು ತೋರಿಸಿ, ಯಾವ ಪುಟ ಎಂದು ಹಿಂದಿನ ದಿನವೇ ತಿಳಿಸಿ. ಯೂಟ್ಯೂಬ್‌ನಲ್ಲಿ ತಾನಾಗಿ ಬರುವ ಅಡಿಬರಹ 2021ರ ಜುಲೈವರೆಗೆ ಕನ್ನಡಕ್ಕೆ ಬಂದಿಲ್ಲ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಎದುರಿಗೆ ಆಡಿದ ಕನ್ನಡವನ್ನು ಬರೆದು ತೋರಿಸುತ್ತದೆ. ಹೆಸರುಗಳಲ್ಲಿ ತಪ್ಪುತ್ತದೆ, ಆದರೂ ಓದಲು ಬರುವ ಮಗುವಿಗೆ ಉಪಯೋಗವಿದೆ. ಮನೆಗೆ ಇರುವುದೊಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ ಎಂದಾದರೆ ಆ ರಾತ್ರಿಯ ಅರ್ಧ ಗಂಟೆಯನ್ನು ಪಾಠಕ್ಕಿಡಬೇಡಿ. ಹಾಸ್ಟೆಲಿನ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿಕೊಡಿ. ಇಬ್ಬರೂ ಸನ್ನೆಯಲ್ಲಿ ಹರಟಲಿ. ವಾರವಿಡೀ ಒಳಗೇ ಇಟ್ಟುಕೊಂಡದ್ದನ್ನು ಹೇಳಿಕೊಳ್ಳಲು ಮಗುವಿಗೆ ಬೇರೆ ಯಾರಿದ್ದಾರೆ?

ಕಾನೂನೂ ನಿಮ್ಮ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂಥ ಮಾರ್ಪಾಡುಗಳನ್ನು ಮಾಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅವರ ಫೋನ್ ನಂಬರು ತೆಗೆದುಕೊಳ್ಳಿ, ಬಾಯಲ್ಲಿ ಹೇಳಿದ್ದನ್ನು ಬರೆದೂ ಕೊಡಿ.

ಶಾಲೆ ತೆರೆಯುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಮಾಸ್ಕಿನ ವಿಷಯ ಮಾತಾಡಿ. ಅದು ತುಟಿಯನ್ನು ಮುಚ್ಚುವುದಷ್ಟೇ ಅಲ್ಲ. 2020ರ ಅಳತೆಯೊಂದರ ಪ್ರಕಾರ 2000 ಹರ್ಟ್ಸ್‌ಗಿಂತ ಮೇಲಿನ ಸದ್ದುಗಳನ್ನು ಸಾಧಾರಣ ಮಾಸ್ಕ್ 3ರಿಂದ 4 ಡೆಸಿಬೆಲ್‌ನಷ್ಟು, ಎನ್95 ಸುಮಾರು 12 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಇರುವುದು ಆ ಭಾಗದಲ್ಲೇ. ಬಾಯಿಯ ಜಾಗದಲ್ಲಿ ಪಾರದರ್ಶಕ ಹಾಳೆ ಇರುವ ಮಾಸ್ಕನ್ನು ಊರಿನ ಟೈಲರ್ ಹೊಲಿದುಕೊಡಬಲ್ಲ, ತರಗತಿಯ ಶಿಕ್ಷಕರಿಗೆ ನಾಲ್ಕು ಹೊಲಿಸಿ ಕೊಟ್ಟುಬನ್ನಿ. ಹೊಸ ಮೋಲ್ಡಿಗೆ ಈ ತಿಂಗಳೇ ಅಳತೆ ಕೊಡಿ. ಶಾಲೆ ತೆರೆದ ವಾರ ಎಲ್ಲ ಮಕ್ಕಳೂ ಒಟ್ಟಿಗೆ ಬಂದರೆ ಸಾಲು ಬಹಳ ಉದ್ದವಾಗುತ್ತದೆ.